ತಲೆ ಬೆಳ್ಳಗಿದ್ದರೂ ಅದು ಕಂದುತಲೆ ಕಡಲಕ್ಕಿಯೇ

ಪ್ರಶ್ನೆ: ನಾವು ಬೆಂಗಳೂರಿನ ಕೆ.ಆರ್. ಪುರದವರು. ಡಿಸೆಂಬರ್ ರಜೆಯಲ್ಲಿ ಮಲ್ಪೆಗೆ ಹೋಗಿದ್ದೆವು. ಸೇಂಟ್ ಮೇರೀಸ್ ದ್ವೀಪದ ಬೋಟಿನ ಹಿಂದೆ ಬಿಳಿ ಹಕ್ಕಿಗಳು ಹಿಂಡಾಗಿ ಬಂದವು. ಜನ ಚಿಪ್ಸ್ ಎಸೆಯುತ್ತಿದ್ದರು, ನಾವೂ ಎಸೆದೆವು. ಮೂರು ಫೋಟೋ ಕಳಿಸಿದ್ದೇನೆ, ಮೂರನೆಯದು ಬೇರೆ ಜಾತಿ ಇರಬಹುದು ಅನ್ನಿಸುತ್ತೆ. ಮೊಬೈಲ್ ಆಪ್ ಇದನ್ನು ಕಂದುತಲೆ ಗಲ್ ಅನ್ನುತ್ತಿದೆ. ಆದರೆ ತಲೆ ಬೆಳ್ಳಗಿದೆ! ನಮ್ಮ ಭಾವ ಇದು ಕರಿತಲೆ ಗಲ್ ಅಂತಾರೆ. ಯಾರು ಸರಿ? ಎಂಟು ವರ್ಷದ ಮಗಳು, ಇದೇ ಹಕ್ಕಿಯನ್ನು ಹೋದ ಭಾನುವಾರ ಹೊಸಕೋಟೆ ಕೆರೆಯಲ್ಲಿ ನೋಡಿದೆ ಅಂತ ಹಟ ಹಿಡಿದಿದ್ದಾಳೆ. ಬಿಳಿ ಹಕ್ಕಿ, ನೀರಿನ ಮೇಲೆ ಹಾರುತ್ತಿತ್ತು, ಕಣ್ಣಿನ ಹಿಂದೆ ಕಪ್ಪು ಇತ್ತು ಅನ್ನುತ್ತಾಳೆ. ಕಡಲ ಹಕ್ಕಿ ಕೆರೆಗೂ ಬರುತ್ತದಾ? ಅದು ಉಪ್ಪುನೀರು ಹೇಗೆ ಕುಡಿಯುತ್ತೆ ಅನ್ನುವುದು ಅವಳ ಇನ್ನೊಂದು ಪ್ರಶ್ನೆ.

ಉತ್ತರ: ಆಪ್ ಸರಿಯಾಗಿಯೇ ಹೇಳಿದೆ. ನಿಮ್ಮ ಮೂರೂ ಫೋಟೋಗಳಲ್ಲಿ ಇರುವುದು ಕಂದುತಲೆ ಕಡಲಕ್ಕಿ. ನಮ್ಮ ಕರಾವಳಿಯಲ್ಲಿ ಚಳಿಗಾಲಕ್ಕೆ ಬಹಳ ಕಾಣುವ ಗಲ್ ಇದು. ಪೇಟೆಯವರು ಇದನ್ನೆಲ್ಲ ಒಟ್ಟಿಗೆ ಸೀಗಲ್ ಅಂದುಬಿಡುತ್ತಾರೆ. ಕನ್ನಡದಲ್ಲಿ ಕಡಲಕ್ಕಿ, ಕಡಲಕಾಗೆ ಎರಡೂ ಬಳಕೆಯಲ್ಲಿವೆ. ಸೀಗಲ್ ಅನ್ನುವುದು ಒಂದು ಹಕ್ಕಿಯ ಹೆಸರಲ್ಲ, ಇಡೀ ಬಳಗದ ಅಡ್ಡಹೆಸರು.

ನಿಮ್ಮ ಗೊಂದಲ ಮಾತ್ರ ತೀರಾ ನ್ಯಾಯವಾದದ್ದು. ಹೆಸರಿನಲ್ಲೇ ಕಂದುತಲೆ ಅಂತಿದೆ, ಹಕ್ಕಿ ನೋಡಿದರೆ ಬಿಳಿತಲೆ. ಭಾನುವಾರ ಬೆಳಿಗ್ಗೆ ನನ್ನ ಜೊತೆ ಹಕ್ಕಿ ನೋಡಲು ಬರುವವರಲ್ಲಿ ಹೊಸಬರು ಎಲ್ಲರೂ ಇದೇ ಕಡೆ ಎಡವುತ್ತಾರೆ. ನಾನೂ ಕಾರವಾರದಲ್ಲಿ ಮೊದಲ ಎರಡು ಚಳಿಗಾಲ ತಲೆಯನ್ನೇ ನೋಡುತ್ತಿದ್ದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಹಕ್ಕಿಯನ್ನು ಗುರುತಿಸುವಾಗ ತಲೆ ಬಿಡಿ. ರೆಕ್ಕೆಯ ತುದಿ ನೋಡಿ, ಆಮೇಲೆ ಕಣ್ಣು ನೋಡಿ.

ತಲೆ ಯಾಕೆ ಬೆಳ್ಳಗಿದೆ ಅಂತ ಮೊದಲು ನೋಡೋಣ. ಕಂದು ಬಣ್ಣ ಅದಕ್ಕೆ ಮದುವೆಯ ಉಡುಪು ಇದ್ದ ಹಾಗೆ. ಮರಿ ಮಾಡುವ ಕಾಲದಲ್ಲಷ್ಟೇ ಇರುತ್ತದೆ. ಆ ಕಾಲ ಮುಗಿದ ಮೇಲೆ ತಲೆಯ ಗರಿಗಳು ಉದುರಿ, ಆ ಜಾಗದಲ್ಲಿ ಬಿಳಿ ಗರಿ ಹುಟ್ಟುತ್ತವೆ. ನಮ್ಮ ಕಡೆಗೆ ಅದು ಬಂದು ಸೇರುವಾಗ ತಲೆ ಬೆಳ್ಳಗಾಗಿರುತ್ತದೆ. ಕಣ್ಣಿನ ಹಿಂದೆ, ಕಿವಿಯ ಜಾಗದಲ್ಲಿ, ಒಂದು ಕರಿ ಮಚ್ಚೆ ಮಾತ್ರ ಉಳಿದಿರುತ್ತದೆ. ನಿಮ್ಮ ಮೊದಲನೇ ಫೋಟೋ ದೊಡ್ಡದು ಮಾಡಿ ನೋಡಿ. ಮಗುವಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟು ಸ್ವಲ್ಪ ಒರೆಸಿಹೋದ ಹಾಗೆ ಕಾಣುತ್ತದೆ, ಅಲ್ವಾ? ಅದೇ ಆ ಮಚ್ಚೆ.

ಇನ್ನು ನಿಮ್ಮ ಭಾವನವರ ಮಾತು. ಕರಿತಲೆ ಕಡಲಕ್ಕಿ ಅನ್ನುವ ಬೇರೆ ಹಕ್ಕಿ ನಿಜವಾಗಿಯೂ ಇದೆ. ಅದೂ ನಮ್ಮ ಕರಾವಳಿಗೆ ಬರುತ್ತದೆ, ಇದರ ಜೊತೆಯಲ್ಲೇ ಕೂರುತ್ತದೆ. ಚಳಿಗಾಲದಲ್ಲಿ ಅದರ ತಲೆಯೂ ಬಿಳಿ, ಅದಕ್ಕೂ ಕಿವಿಯ ಹತ್ತಿರ ಮಚ್ಚೆ, ಕೆಂಪು ಕಾಲು, ತುದಿ ಕಪ್ಪಗಿರುವ ಕೆಂಪು ಕೊಕ್ಕು. ಇನ್ನೂ ತೊಡಕಿನ ಸಂಗತಿ ಹೇಳಲಾ? ಮರಿ ಮಾಡುವ ಕಾಲದಲ್ಲಿ ಆ ಕರಿತಲೆಯ ಹಕ್ಕಿಯ ತಲೆಯೂ ಕಪ್ಪಲ್ಲ. ಗಾಢ ಚಾಕೊಲೇಟ್ ಕಂದು! ದೂರದಿಂದ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಕಂದುತಲೆಯದು ಅದಕ್ಕಿಂತ ತಿಳಿ ಕಂದು, ಕುತ್ತಿಗೆಯ ಹತ್ತಿರ ಅಂಚು ಮಾತ್ರ ಕಪ್ಪಗೆ ತಿರುಗಿರುತ್ತದೆ. ಅಂದರೆ ಹೆಸರು ನಂಬಿಕೊಂಡು ಹೊರಟರೆ ಎರಡೂ ಕಾಲದಲ್ಲಿ ದಾರಿ ತಪ್ಪುತ್ತದೆ.

ಅದಕ್ಕೇ ರೆಕ್ಕೆಯ ತುದಿ. ನಿಮ್ಮ ಎರಡನೇ ಫೋಟೋ ಬಹಳ ಒಳ್ಳೆಯದು, ಹಕ್ಕಿ ಬೋಟಿನ ಮೇಲೆ ತಿರುಗುವಾಗ ರೆಕ್ಕೆ ಪೂರ್ತಿ ಬಿಚ್ಚಿದೆ. ರೆಕ್ಕೆಯ ತುದಿಯನ್ನು ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ ಒಂದು ದೊಡ್ಡ ಕರಿ ಭಾಗ ಇದೆ. ಆ ಕಪ್ಪಿನ ಒಳಗೆ, ತುದಿಗೆ ಸ್ವಲ್ಪ ಹಿಂದೆ, ಎರಡು ಬಿಳಿ ಚುಕ್ಕೆ. ಹಕ್ಕಿ ನೋಡುವವರು ಇದನ್ನು ಕನ್ನಡಿ ಅನ್ನುತ್ತೇವೆ. ಕರಿ ತುದಿ, ಅದರೊಳಗೆ ಕನ್ನಡಿ. ಇದು ಕಂಡರೆ ಕಂದುತಲೆ ಅಂತ ಧೈರ್ಯವಾಗಿ ಬರೆದುಕೊಳ್ಳಬಹುದು.

ಕರಿತಲೆಯ ಹಕ್ಕಿಯ ರೆಕ್ಕೆ ಹೀಗಿರುವುದಿಲ್ಲ. ಅದರ ರೆಕ್ಕೆಯ ಮುಂದಿನ ಅಂಚು ತುದಿಯವರೆಗೂ ಅಗಲವಾದ ಬಿಳಿ ಪಟ್ಟಿ. ತುದಿಯ ಹಿಂದಿನ ಅಂಚಿಗೆ ಮಾತ್ರ ಸಣ್ಣ ಕರಿ ಗೆರೆ, ಬಿಳಿ ಪಂಚೆಗೆ ಕರಿ ಅಂಚು ಇರುತ್ತದಲ್ಲ, ಹಾಗೆ. ಹಾರುವಾಗ ಆ ಬಿಳಿ ಪಟ್ಟಿ ಮಿಂಚುತ್ತದೆ. ಒಂದು ಸಲ ಕಣ್ಣಿಗೆ ಬಿದ್ದರೆ ಆಮೇಲೆ ಬೈನಾಕ್ಯುಲರ್ ಇಲ್ಲದೆಯೂ ಗೊತ್ತಾಗುತ್ತದೆ.

ಕೂತಾಗ ರೆಕ್ಕೆ ಮಡಿಚಿರುತ್ತದೆ, ಎರಡರ ತುದಿಯೂ ಕಪ್ಪಾಗಿಯೇ ಕಾಣುತ್ತದೆ. ಆಗ ಕಣ್ಣು ನೋಡಬೇಕು. ಬೆಳೆದ ಕಂದುತಲೆಯ ಕಣ್ಣು ಬಿಳಚು. ಪಾಪೆಯ ಸುತ್ತ ತಿಳಿ ಹಳದಿ ಬೆರೆತ ಬಿಳಿ, ರೆಪ್ಪೆಯ ಅಂಚಿಗೆ ಸಣ್ಣ ಕೆಂಪು ಬಳೆ. ಬಿಳಿ ಮುಖದಲ್ಲಿ ಬಿಳಿ ಕಣ್ಣು ಇರುವುದರಿಂದ ಒಂಥರಾ ದುರುಗುಟ್ಟಿ ನೋಡುವ ಹಾಗೆ ಕಾಣುತ್ತದೆ. ಕರಿತಲೆಯ ಹಕ್ಕಿಗೆ ಕಣ್ಣು ಕಪ್ಪು, ಮುಖ ಸೌಮ್ಯ. ನಿಮ್ಮ ಮೊದಲ ಫೋಟೋದಲ್ಲಿ ಬೋಟಿನ ಕಂಬಿ ಮೇಲೆ ಕೂತ ಹಕ್ಕಿಯ ಕಣ್ಣು ಬೆಳ್ಳಗಿದೆ. ಅದು ಸಾಕು.

ಗಾತ್ರ ನೋಡಿ ಹೇಳುವುದು ಕಷ್ಟ. ಕಂದುತಲೆ ಸ್ವಲ್ಪ ದೊಡ್ಡದು, ಕೊಕ್ಕಿನಿಂದ ಬಾಲದವರೆಗೆ 41ರಿಂದ 45 ಸೆಂಟಿಮೀಟರ್. ಕೊಕ್ಕೂ ತುಸು ದಪ್ಪ. ಎರಡೂ ಪಕ್ಕಪಕ್ಕ ಕೂತರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ, ಒಂದೇ ಇದ್ದಾಗ ಅದನ್ನು ನೆಚ್ಚಬೇಡಿ.

ಮೂರನೇ ಫೋಟೋ ನೀವು ಬೇರೆ ಜಾತಿ ಇರಬಹುದು ಅಂದುಕೊಂಡಿರಿ. ರೆಕ್ಕೆಯ ಮೇಲೆ ಕಂದು ಕಂದು ಕಲೆ, ಬಾಲದ ತುದಿಗೆ ಒಂದು ಕರಿ ಪಟ್ಟಿ, ಕೊಕ್ಕು ಕಿತ್ತಳೆ. ಇದು ಅದೇ ಜಾತಿಯ ಎಳೆಯ ಹಕ್ಕಿ. ಅದೇ ವರ್ಷದ ಬೇಸಿಗೆಯಲ್ಲಿ ಮೊಟ್ಟೆ ಒಡೆದು ಬಂದದ್ದು, ಇದು ಅದರ ಮೊದಲನೇ ಚಳಿಗಾಲ. ಇಂಥದ್ದರಲ್ಲಿ ಕಣ್ಣನ್ನೂ ನಂಬಬೇಡಿ, ಎಳೆಯ ಹಕ್ಕಿಯ ಕಣ್ಣು ಎರಡು ಜಾತಿಯಲ್ಲೂ ಕಪ್ಪು. ರೆಕ್ಕೆಯ ತುದಿಯಲ್ಲಿ ಕನ್ನಡಿಯೂ ಇನ್ನೂ ಬಂದಿರುವುದಿಲ್ಲ. ಆದರೆ ತುದಿ ಪೂರ್ತಿ ಗಟ್ಟಿ ಕಪ್ಪಾಗಿದೆ, ಮುಂದಿನ ಅಂಚಿನಲ್ಲಿ ಆ ಬಿಳಿ ಪಟ್ಟಿ ಇಲ್ಲ. ಹಾಗಾಗಿ ಕಂದುತಲೆಯೇ. ಎರಡು ವರ್ಷಕ್ಕೆ ಇದು ಅಪ್ಪ ಅಮ್ಮನ ರೂಪಕ್ಕೆ ಬರುತ್ತದೆ. ದೊಡ್ಡ ಜಾತಿಯ ಗಲ್‌ಗಳಿಗೆ ನಾಲ್ಕು ವರ್ಷ ಬೇಕು.

ರೆಕ್ಕೆಯ ತುದಿಯೇ ಯಾಕೆ ಕಪ್ಪು ಅಂತ ನಿಮ್ಮ ಮಗಳು ಖಂಡಿತ ಕೇಳುತ್ತಾಳೆ. ಈಗಲೇ ಉತ್ತರ ಇಟ್ಟುಕೊಳ್ಳಿ. ಕರಿ ಗರಿಯಲ್ಲಿ ಮೆಲನಿನ್ ಇರುತ್ತದೆ, ನಮ್ಮ ಕೂದಲನ್ನು ಕಪ್ಪಗೆ ಮಾಡುವುದೂ ಅದೇ. ಅದಿರುವ ಗರಿ ಗಟ್ಟಿ, ಬೇಗ ಸವೆಯುವುದಿಲ್ಲ. ಸಾವಿರಾರು ಕಿಲೋಮೀಟರ್ ಹಾರುವ ಹಕ್ಕಿಗೆ ಗಾಳಿಯ ಹೊಡೆತ, ಬಿಸಿಲು, ಮರಳು ಎಲ್ಲ ಜಾಸ್ತಿ ತಟ್ಟುವುದು ತುದಿಗೆ. ಬಹಳಷ್ಟು ಬಿಳಿ ಹಕ್ಕಿಗಳ ರೆಕ್ಕೆಯ ತುದಿ ಕಪ್ಪಾಗಿರುವುದಕ್ಕೆ ಇದೊಂದು ಕಾರಣ. ದಡದಲ್ಲಿ ಬಿದ್ದ ಹಳೆಯ ಗರಿ ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ. ಕನ್ನಡಿಯ ಬಿಳಿ ಭಾಗದ ಅಂಚು ತಿಂದುಹೋಗಿರುತ್ತದೆ, ಕಪ್ಪು ಭಾಗ ಹಾಗೇ ನಿಂತಿರುತ್ತದೆ. ನೋಡಿ ಅಲ್ಲೇ ಬಿಟ್ಟುಬನ್ನಿ, ಕಾಡುಹಕ್ಕಿಯ ಗರಿ ಮನೆಗೆ ತರುವುದು ಬೇಡ.

ಮಲ್ಪೆಯಲ್ಲಿ ಇನ್ನೂ ದೊಡ್ಡ ಗಲ್‌ಗಳೂ ನಿಮಗೆ ಕಂಡಿರಬಹುದು. ಬೆನ್ನು ಗಾಢ ಬೂದು, ಕಾಲು ಹಳದಿ, ಹಳದಿ ಕೊಕ್ಕಿನ ಕೆಳಭಾಗದಲ್ಲಿ ಒಂದು ಕೆಂಪು ಬೊಟ್ಟು. ಅವು ಬೇರೆ ಜಾತಿ. ಆ ಕೆಂಪು ಬೊಟ್ಟಿನ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದು ಮರಿಗಾಗಿ ಇರುವ ಗುರುತು. ಹಸಿದ ಮರಿ ಆ ಬೊಟ್ಟನ್ನು ಕುಕ್ಕುತ್ತದೆ, ಕುಕ್ಕಿದ ತಕ್ಷಣ ತಾಯಿಯೋ ತಂದೆಯೋ ನುಂಗಿದ್ದ ಮೀನನ್ನು ಕಕ್ಕಿ ಮುಂದಿಡುತ್ತದೆ. ನಿಕೊ ಟಿನ್‌ಬರ್ಗನ್ ಅನ್ನುವ ವಿಜ್ಞಾನಿ ಯುರೋಪಿನಲ್ಲಿ ರಟ್ಟಿನ ಕೊಕ್ಕುಗಳನ್ನು ಮಾಡಿ, ಬೊಟ್ಟಿನ ಬಣ್ಣ ಬದಲಿಸಿ, ಮರಿಗಳ ಮುಂದೆ ಹಿಡಿದು ಇದನ್ನು ಪರೀಕ್ಷೆ ಮಾಡಿದರು. ಬಳಸಿದ್ದು ಇದೇ ಬಳಗದ ಹೆರಿಂಗ್ ಗಲ್ ಮರಿಗಳನ್ನು. ಪ್ರಾಣಿಗಳ ನಡವಳಿಕೆ ಬಗ್ಗೆ ಮಾಡಿದ ಇಂಥ ಕೆಲಸಕ್ಕೆ 1973ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ದುಬಾರಿ ಯಂತ್ರವೇನೂ ಇರಲಿಲ್ಲ. ರಟ್ಟು, ಬಣ್ಣ, ತಾಳ್ಮೆ ಇದ್ದವು.

ನಿಮ್ಮ ಹಕ್ಕಿಯ ನಡವಳಿಕೆಗೆ ಬರೋಣ. ಬೋಟಿನಲ್ಲಿ ನೀವು ಕಂಡದ್ದು ಅದರ ದಿನದ ಒಂದು ಚೂರು ಮಾತ್ರ. ಅದನ್ನು ಸರಿಯಾಗಿ ನೋಡಬೇಕಾದರೆ ಬೆಳಿಗ್ಗೆ ಆರೂವರೆಗೆ ಬಂದರಿಗೆ ಹೋಗಬೇಕು. ಟ್ರಾಲರ್ ಬೋಟುಗಳು ಬಂದು ನಿಲ್ಲುತ್ತವೆ. ಬುಟ್ಟಿಗಳಲ್ಲಿ ಬಂಗುಡೆ, ಬೂತಾಯಿ, ಸಿಗಡಿ ಇಳಿಯುತ್ತವೆ. ಹೆಂಗಸರು ಕೂತು ಮೀನು ಬೇರೆ ಮಾಡುತ್ತಾರೆ. ಮಾರಲು ಬಾರದ ಪುಡಿ ಮೀನು ಪಕ್ಕಕ್ಕೆ ಬೀಳುತ್ತದೆ. ಕಾಗೆಗಳು ನೆಲದ ಮೇಲೆ, ಗರುಡಗಳು ಮೇಲೆ ಸುತ್ತು ಹಾಕುತ್ತಾ, ಗಲ್‌ಗಳು ಬೋಟಿನ ಹಗ್ಗದ ಮೇಲೆ ಸಾಲಾಗಿ. ಒಂದು ಗಲ್‌ಗೆ ಮೀನು ಸಿಕ್ಕಿತು ಅಂದರೆ ಮೂರು ಅದರ ಬೆನ್ನು ಹತ್ತುತ್ತವೆ. ತಾನೇ ಹಿಡಿಯುವುದಕ್ಕಿಂತ ಇನ್ನೊಬ್ಬರ ಬಾಯಿಂದ ಕಸಿಯುವುದು ಗಲ್ ಬಳಗದವರಿಗೆ ಮಾಮೂಲು. ಅದನ್ನು ಕಳ್ಳತನ ಅಂತ ಬೈಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಳಕ್ಕೆ ಮುಳುಗಿ ಮೀನು ಹಿಡಿಯುವ ಮೈಕಟ್ಟು ಈ ಹಕ್ಕಿಗಿಲ್ಲ. ನೀರಿನ ಮೇಲ್ಮೈಯಲ್ಲಿ ಸಿಕ್ಕಿದ್ದು, ತೇಲಿ ಬಂದದ್ದು, ಯಾರೋ ಬಿಟ್ಟದ್ದು, ಇವೇ ಅದರ ಊಟ. ಸತ್ತ ಮೀನು ಹೆಕ್ಕಿ ಬಂದರು ಗುಡಿಸುವ ಕೆಲಸವನ್ನೂ ಅದೇ ಮಾಡುತ್ತದೆ.

ಹಾಗಾಗಿಯೇ ಅದು ಬೋಟಿನ ಹಿಂದೆ ಬರುವುದು. ಮೀನುಗಾರಿಕೆ ಬೋಟು ಬಲೆ ಎಳೆದಾಗ ಬೇಡದ ಮೀನು ನೀರಿಗೆ ಬೀಳುತ್ತದೆ. ಬೋಟಿನ ಪಂಖ ನೀರು ಕಡೆದಾಗ ಅಡಿಯಲ್ಲಿದ್ದ ಸಣ್ಣ ಜೀವಿಗಳು ಮೇಲೆ ಬರುತ್ತವೆ. ಇಂಜಿನ್ ಸದ್ದು ಅಂದರೆ ಊಟದ ಗಂಟೆ ಅಂತ ಅದು ಕಲಿತುಬಿಟ್ಟಿದೆ. ನಿಮ್ಮ ಬೋಟಿನಲ್ಲಿ ಬಲೆ ಇಲ್ಲ, ಪ್ರವಾಸಿಗರಿದ್ದಾರೆ ಅನ್ನುವುದು ಅದಕ್ಕೆ ಮುಖ್ಯ ಅಲ್ಲ.

ನೀರು ಇಳಿದ ಹೊತ್ತಿನಲ್ಲಿ ಅಳಿವೆಯ ಕಡೆ ಹೋದರೆ ಇನ್ನೊಂದು ಚಂದದ ಕೆಲಸ ಕಾಣಸಿಗುತ್ತದೆ. ಕುಮಟಾ ಹತ್ತಿರ ಅಘನಾಶಿನಿಯ ಕೆಸರಿನಲ್ಲಿ ನಾನು ಇದನ್ನು ಮುಕ್ಕಾಲು ಗಂಟೆ ಕೂತು ನೋಡಿದ್ದೇನೆ. ಕಾಲು ಇಂಚು ನೀರು ನಿಂತ ಜಾಗದಲ್ಲಿ ಗಲ್ ಒಂದು ನಿಂತಿತ್ತು. ನಿಂತಲ್ಲೇ ಕೆಂಪು ಕಾಲುಗಳನ್ನು ಪಟಪಟ ಬಡಿಯುತ್ತಿತ್ತು, ಎಡ, ಬಲ, ಎಡ, ಬಲ, ಮಕ್ಕಳು ಮಳೆನೀರಿನಲ್ಲಿ ಕುಣಿದ ಹಾಗೆ. ಹತ್ತು ಸೆಕೆಂಡು ಕುಣಿಯುವುದು, ನಿಲ್ಲಿಸುವುದು, ತಲೆ ಬಗ್ಗಿಸಿ ನೋಡುವುದು, ಟಕ್ ಅಂತ ಹೆಕ್ಕುವುದು. ಮತ್ತೆ ಒಂದು ಹೆಜ್ಜೆ ಹಿಂದೆ, ಮತ್ತೆ ಕುಣಿತ. ಕಾಲಿನ ಬಡಿತಕ್ಕೆ ಕೆಸರು ಸಡಿಲವಾಗಿ ಹುಳುಗಳು ಮೇಲೆ ಬರುತ್ತವೆ. ಬೇರೆ ದೇಶಗಳಲ್ಲಿ ಗಲ್‌ಗಳು ಹುಲ್ಲುಹಾಸಿನ ಮೇಲೂ ಹೀಗೇ ಕುಣಿದು ಎರೆಹುಳ ಎಬ್ಬಿಸುತ್ತವೆ. ಉಳುವ ಹೊಲದಲ್ಲಿ ನೇಗಿಲ ಹಿಂದೆಯೂ ನಡೆಯುತ್ತವೆ, ನಮ್ಮಲ್ಲಿ ಬೆಳ್ಳಕ್ಕಿ ನಡೆಯುವ ಹಾಗೆ.

ಅದೇ ದಿನ ನಿಮ್ಮ ಮಗಳ ಉಪ್ಪುನೀರಿನ ಪ್ರಶ್ನೆಗೆ ಉತ್ತರವೂ ಕಣ್ಣ ಮುಂದೆ ಕಂಡಿತ್ತು. ಆ ಹಕ್ಕಿ ಕುಣಿಯುವುದನ್ನು ಬಿಟ್ಟು ಒಂದು ಗುಟುಕು ಉಪ್ಪುನೀರು ಕುಡಿಯಿತು. ತಲೆ ಮೇಲೆತ್ತಿ ನುಂಗಿತು. ಸ್ವಲ್ಪ ಹೊತ್ತಿಗೆ ಕೊಕ್ಕಿನ ತುದಿಯಲ್ಲಿ ಒಂದು ತಿಳಿ ಹನಿ ತೂಗಾಡತೊಡಗಿತು, ನೆಗಡಿ ಆದ ಮಗುವಿನ ಮೂಗಿನಲ್ಲಿ ತೂಗಾಡುವ ಹಾಗೆ. ತಲೆ ಕೊಡವಿತು, ಹನಿ ಹಾರಿತು. ಮತ್ತೆ ಹನಿ ಕೂಡಿತು. ಅದು ನೀರಲ್ಲ, ಉಪ್ಪು. ಗಲ್‌ಗೆ ಕಣ್ಣುಗಳ ಮೇಲೆ ಎರಡು ಉಪ್ಪಿನ ಗ್ರಂಥಿಗಳಿವೆ. ಕುಡಿದ ನೀರಿನ ಉಪ್ಪು ರಕ್ತಕ್ಕೆ ಸೇರಿದ ಮೇಲೆ ಈ ಗ್ರಂಥಿಗಳು ಅದನ್ನು ಸೋಸಿ, ಸಮುದ್ರದ ನೀರಿಗಿಂತ ಜಾಸ್ತಿ ಉಪ್ಪಿರುವ ದ್ರವ ಮಾಡಿ, ಮೂಗಿನ ಹೊಳ್ಳೆಯಿಂದ ಹೊರಗೆ ಬಿಡುತ್ತವೆ. ಅದು ಕೊಕ್ಕಿನ ಮೇಲೆ ಹರಿದು ತುದಿಗೆ ಬಂದು ನಿಲ್ಲುತ್ತದೆ. ನಮ್ಮ ಮೂತ್ರಪಿಂಡಕ್ಕೆ ಈ ಕೆಲಸ ಆಗುವುದಿಲ್ಲ. ಸಮುದ್ರದ ನೀರು ಕುಡಿದರೆ ಆ ಉಪ್ಪು ಹೊರಹಾಕಲು ಕುಡಿದದ್ದಕ್ಕಿಂತ ಹೆಚ್ಚು ನೀರು ಖರ್ಚಾಗಿ ಬಾಯಾರಿಕೆ ಇನ್ನೂ ಏರುತ್ತದೆ. ಸಿಹಿನೀರು ಸಿಕ್ಕರೆ ಗಲ್ ಅದನ್ನೂ ಸಂತೋಷದಿಂದ ಕುಡಿಯುತ್ತದೆ. ಎರಡೂ ನಡೆಯುತ್ತದೆ ಅದಕ್ಕೆ.

ಈಗ ಹೊಸಕೋಟೆ ಕೆರೆ. ಮಗಳನ್ನು ಸುಮ್ನೆ ಅಲ್ಲಗಳೆಯಬೇಡಿ. ಅವಳು ನೋಡಿದ್ದು ಬಹುಮಟ್ಟಿಗೆ ಗಲ್ ಅಲ್ಲ, ಆದರೆ ಅವಳ ಕಣ್ಣು ಚೆನ್ನಾಗಿದೆ. ಬಿಳಿ ಹಕ್ಕಿ, ನೀರಿನ ಮೇಲೆ ಹಾರುತ್ತಿತ್ತು, ಕಣ್ಣಿನ ಹಿಂದೆ ಕಪ್ಪು ಇತ್ತು ಅಂತ ಹೇಳಿದ್ದಾಳೆ ಅಂತ ಬರೆದಿದ್ದೀರಿ. ಚಳಿಗಾಲದಲ್ಲಿ ಹೊಸಕೋಟೆ ದೊಡ್ಡ ಕೆರೆಯ ಏರಿ ಮೇಲೆ ನಿಂತರೆ ಇಂಥ ಹಕ್ಕಿ ಕಾಣುತ್ತದೆ. ಅದು ಮೀಸೆ ರೀವ, ಇಂಗ್ಲಿಷಿನಲ್ಲಿ ವಿಸ್ಕರ್ಡ್ ಟರ್ನ್. ರೀವಗಳು ಗಲ್‌ಗಳಿಗೆ ಹತ್ತಿರದ ನೆಂಟರು. ಮೀಸೆ ರೀವಕ್ಕೂ ಚಳಿಗಾಲದಲ್ಲಿ ಹಣೆ ಬಿಳಿ, ಕಣ್ಣಿನಿಂದ ಹಿಂದಲೆಗೆ ಒಂದು ಕರಿ ಗೆರೆ ಎಳೆದಿರುತ್ತದೆ. ಅವಳು ಆ ಕಪ್ಪನ್ನು ಗಮನಿಸಿ ಎರಡನ್ನೂ ಒಂದೇ ಅಂದಿದ್ದಾಳೆ. ದೊಡ್ಡವರು ಎಷ್ಟೋ ಜನ ಆ ಕಪ್ಪನ್ನು ನೋಡುವುದೇ ಇಲ್ಲ.

ಬೇರೆ ಮಾಡುವುದು ಹೀಗೆ. ರೀವ ಸಣ್ಣದು, ಮೀಸೆ ರೀವವಂತೂ 24ರಿಂದ 28 ಸೆಂಟಿಮೀಟರ್ ಅಷ್ಟೇ, ಗಲ್‌ನ ಮುಂದೆ ಚಿಕ್ಕ ತಮ್ಮನ ಹಾಗೆ. ರೆಕ್ಕೆ ಸಪೂರ, ಹಾರಾಟ ಹಗುರ, ಗಾಳಿಯಲ್ಲಿ ಪುಟಿಯುವ ಹಾಗೆ. ಹಾರುವಾಗ ಕೊಕ್ಕು ಕೆಳಕ್ಕೆ, ನೀರನ್ನೇ ನೋಡುತ್ತಿರುತ್ತದೆ. ಗಲ್ ಕೊಕ್ಕನ್ನು ಮುಂದಕ್ಕೆ ಚಾಚಿ, ರೆಕ್ಕೆ ಅಗಲಿಸಿ, ಆರಾಮಾಗಿ ಹೋಗುತ್ತದೆ. ರೀವದ ಬಾಲ ಕವಲು, ಮೀಸೆ ರೀವದಲ್ಲಿ ಕವಲು ಸ್ವಲ್ಪವೇ. ಗಲ್ ಬಾಲ ಬೀಸಣಿಗೆ ಹಾಗೆ ದುಂಡು. ಇನ್ನೊಂದು ಗುರುತು ಮಕ್ಕಳಿಗೆ ಬಹಳ ಸುಲಭ. ಗಲ್ ಬಾತಿನ ಹಾಗೆ ನೀರಿನ ಮೇಲೆ ಕೂತು ತೇಲುತ್ತದೆ, ದಡದಲ್ಲಿ ಚೆನ್ನಾಗಿ ನಡೆಯುತ್ತದೆ. ರೀವ ನೀರಿನ ಮೇಲೆ ಕೂರುವುದು ಅಪರೂಪ. ಅದು ಕಲ್ಲಿನ ಮೇಲೋ ನೀರಿನಲ್ಲಿ ನೆಟ್ಟ ಗೂಟದ ಮೇಲೋ ಕೂರುತ್ತದೆ. ಅದರ ಕಾಲು ಎಷ್ಟು ಗಿಡ್ಡ ಅಂದರೆ ಹೊಟ್ಟೆ ನೆಲಕ್ಕೆ ತಾಗಿದ ಹಾಗೆ ಕಾಣುತ್ತದೆ.

ಬೆಂಗಳೂರಿನ ಸುತ್ತ ಹೊಳೆ ರೀವವೂ ಇದೆ. ಅದು ದೊಡ್ಡದು, ದಪ್ಪ ಹಳದಿ ಕೊಕ್ಕು, ಉದ್ದ ಕವಲು ಬಾಲ, ಬೇಸಿಗೆ ಹತ್ತಿರ ಬಂದಂತೆ ತಲೆಗೆ ಕರಿ ಟೋಪಿ. ಗಾಳಿಯಲ್ಲಿ ಒಂದೇ ಕಡೆ ನಿಂತು, ಗುರಿ ಹಿಡಿದು, ನೀರಿಗೆ ಬೀಳುತ್ತದೆ. ಭದ್ರಾ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಲಕ್ಕವಳ್ಳಿ ಕಡೆ ಮೇಲೇಳುವ ದ್ವೀಪಗಳಲ್ಲಿ ಇವು ದೊಡ್ಡ ಸಂಖ್ಯೆಯಲ್ಲಿ ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇಲ್ಲ, ಬರೀ ನೆಲದ ಮೇಲೆ. ಹೊಳೆಗಳಲ್ಲಿ ಮರಳು ತೆಗೆದು, ಅಣೆಕಟ್ಟಿನ ನೀರು ಹೊತ್ತಲ್ಲದ ಹೊತ್ತಿನಲ್ಲಿ ಏರಿಸಿ ಇಳಿಸಿ, ಈ ಹಕ್ಕಿಯನ್ನು ಅಪಾಯದ ಪಟ್ಟಿಗೆ ತಂದಿಟ್ಟಿದ್ದೇವೆ. ನೀವು ಗಲ್ ಬಗ್ಗೆ ಕೇಳಿದಿರಿ, ನನಗೆ ಈ ರೀವದ ಚಿಂತೆಯೇ ಜಾಸ್ತಿ. ಗಲ್ ಹೇಗಾದರೂ ಬದುಕಿಕೊಳ್ಳುತ್ತದೆ.

ಹಾಗಾದರೆ ಗಲ್ ಬೆಂಗಳೂರಿಗೆ ಬರುವುದೇ ಇಲ್ಲವಾ? ತೀರಾ ಅಪರೂಪ. ಉತ್ತರದಿಂದ ಬರುವಾಗ, ವಾಪಸು ಹೋಗುವಾಗ ಒಳನಾಡಿನ ದೊಡ್ಡ ನೀರಿನಲ್ಲಿ ಇಳಿದು ಸುಧಾರಿಸಿಕೊಳ್ಳುವುದುಂಟು. ಸಮುದ್ರವೇ ಬೇಕು ಅನ್ನುವ ಹಟ ಅದಕ್ಕಿಲ್ಲ. ನಮ್ಮ ಕೆರೆಗಳಲ್ಲಿ ನಿಜವಾಗಿ ಗಲ್ ಕಂಡರೆ ಮೊದಲು ಫೋಟೋ ತೆಗೆಯಿರಿ, ರೆಕ್ಕೆ ಬಿಚ್ಚಿದಾಗಿನದು ಒಂದಾದರೂ ಇರಲಿ. ತಾರೀಖು, ಹೊತ್ತು, ಕೆರೆಯ ಹೆಸರು ಬರೆದು, ಹಕ್ಕಿ ನೋಡಿದ ದಾಖಲೆ ಸೇರಿಸುವ ಇಬರ್ಡ್ ಜಾಲತಾಣದಲ್ಲಿ ಹಾಕಿ. ಅಂಥ ಒಂದು ದಾಖಲೆಗೆ ಬಹಳ ಬೆಲೆ ಇದೆ.

ಅಂದಹಾಗೆ, ಇದು ಹುಟ್ಟಿನಿಂದ ಸಮುದ್ರದ ಹಕ್ಕಿಯೂ ಅಲ್ಲ. ಈ ಮಾತು ಕೇಳಿದವರೆಲ್ಲ ಬೆರಗಾಗುತ್ತಾರೆ. ಕಂದುತಲೆ ಕಡಲಕ್ಕಿ ಹುಟ್ಟುವುದು ಸಮುದ್ರದಿಂದ ಬಹಳ ದೂರ, ಮಧ್ಯ ಏಷ್ಯಾದ ಎತ್ತರದ ಬಯಲುಗಳಲ್ಲಿ: ಟಿಬೆಟ್, ಪಾಮೀರ್, ನಮ್ಮ ದೇಶದಲ್ಲಿ ಲಡಾಖ್. ತ್ಸೊ ಕರ್, ತ್ಸೊ ಮೊರಿರಿ ಸರೋವರಗಳು ಸಮುದ್ರ ಮಟ್ಟದಿಂದ 4,500 ಮೀಟರ್ ಎತ್ತರದಲ್ಲಿವೆ. ಮುಳ್ಳಯ್ಯನಗಿರಿ 2,000 ಮೀಟರಿಗಿಂತ ಕಡಿಮೆ, ಲೆಕ್ಕ ಹಾಕಿ. ಅಲ್ಲಿ ಜೌಗು ನೆಲದಲ್ಲಿ, ನೀರು ಸುತ್ತುವರಿದ ದಿಣ್ಣೆಗಳ ಮೇಲೆ ಗುಂಪಾಗಿ ಗೂಡು ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಅಂಥ ಸರೋವರಗಳಲ್ಲೇ ಮರಿ ಮಾಡುತ್ತವೆ. ಬೇಸಿಗೆಯ ನೆರೆಹೊರೆ ಚಳಿಗಾಲಕ್ಕೆ ಬೇರೆ ಬೇರೆ ಜಿಲ್ಲೆಗೆ ಬಂದ ಹಾಗೆ.

ಅಲ್ಲಿ ಸರೋವರ ಹೆಪ್ಪುಗಟ್ಟುವ ಮುಂಚೆ ಹೊರಟು ಅಕ್ಟೋಬರ್ ಹೊತ್ತಿಗೆ ನಮ್ಮ ಕರಾವಳಿ ಸೇರುತ್ತವೆ. ಏಪ್ರಿಲ್ ಹೊತ್ತಿಗೆ ವಾಪಸು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುತ್ತದೆ, ಬೋಟುಗಳು ದಡದಲ್ಲಿ ಸಾಲಾಗಿ ನಿಂತಿರುತ್ತವೆ. ಆಗ ಈ ಹಕ್ಕಿಗಳು ಲಡಾಖಿನಲ್ಲಿ ಮರಿ ಸಾಕುತ್ತಿರುತ್ತವೆ. ಮತ್ತೆ ಇವು ಬರುವ ಹೊತ್ತಿಗೆ ಬಂದರು ತುಂಬಿರುತ್ತದೆ.

ಈ ಹಕ್ಕಿಗೆ ವೈಜ್ಞಾನಿಕ ಹೆಸರಿಟ್ಟವರು ಥಾಮಸ್ ಜೆರ್ಡನ್, 1840ರಲ್ಲಿ. ದಕ್ಷಿಣ ಭಾರತದಲ್ಲಿ ಸೇನೆಯ ವೈದ್ಯರಾಗಿದ್ದವರು. ಬ್ರುನ್ನಿಸೆಫಾಲಸ್ ಅಂತ ಕರೆದರು, ಕಂದು ತಲೆಯದು ಅಂತಲೇ ಅರ್ಥ. ನಿಮ್ಮ ಗೊಂದಲದ ಬೇರು ಅಷ್ಟು ಹಳೆಯದು.

ಚಿಪ್ಸ್ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಬೇಕು. ನೀವು ಒಂದು ದಿನ ಎಸೆದದ್ದಕ್ಕೆ ಹಕ್ಕಿ ಸಾಯುವುದಿಲ್ಲ, ಮಗಳ ಮನಸ್ಸಿಗೆ ಆ ಭಾರ ಹಾಕಬೇಡಿ. ಆದರೆ ಮುಂದಿನ ಸಲ ಬೇಡ. ಮುಂಬೈಯಿಂದ ಮಾಂಡವಾಗೆ ಹೋಗುವ ಬೋಟುಗಳಲ್ಲಿ, ದೆಹಲಿಯ ಯಮುನಾ ಘಾಟಿನಲ್ಲಿ ಇದು ದೊಡ್ಡ ರೂಢಿಯಾಗಿಬಿಟ್ಟಿದೆ, ಪ್ಯಾಕೆಟ್‌ಗಟ್ಟಲೆ ಖಾರದ ತಿಂಡಿ ಎಸೆಯುತ್ತಾರೆ. ಎಣ್ಣೆಯಲ್ಲಿ ಕರಿದ ಹಿಟ್ಟಿನಿಂದ ಹೊಟ್ಟೆ ತುಂಬುತ್ತದೆ, ಮೈಗೆ ಬಲ ಬರುವುದಿಲ್ಲ. ಏಪ್ರಿಲ್‌ನಲ್ಲಿ ಹಿಮಾಲಯ ದಾಟಬೇಕಾದ ಹಕ್ಕಿಗೆ ಮೀನಿನ ಕೊಬ್ಬು ಬೇಕು, ಆಲೂಗಡ್ಡೆ ಅಲ್ಲ. ಎಳೆಯ ಹಕ್ಕಿಗಳು, ನಿಮ್ಮ ಮೂರನೇ ಫೋಟೋದಲ್ಲಿದೆಯಲ್ಲ ಅಂಥವು, ಊಟ ಹುಡುಕುವುದನ್ನು ಇದೇ ಚಳಿಗಾಲದಲ್ಲಿ ಕಲಿಯಬೇಕು. ಬೋಟಿನ ಹಿಂದೆ ಬಾಯಿ ತೆರೆದರೆ ಸಾಕು ಅಂತ ಕಲಿತರೆ ಕಷ್ಟ. ಮೇಲಾಗಿ ಖಾಲಿ ಪ್ಯಾಕೆಟ್ಟುಗಳೂ ಗಾಳಿಗೆ ಹಾರಿ ನೀರಿಗೇ ಬೀಳುತ್ತವೆ. ಏನೂ ಎಸೆಯದಿದ್ದರೂ ಅವು ಹಿಂದೆ ಬಂದೇ ಬರುತ್ತವೆ, ಫೋಟೋ ಸಿಕ್ಕೇ ಸಿಗುತ್ತದೆ.

ಫೋಟೋಗೆ ಇನ್ನೂ ಒಳ್ಳೆಯ ಜಾಗ ಹೇಳುತ್ತೇನೆ. ಸಂಜೆ ಐದರ ಮೇಲೆ ಮಲ್ಪೆ ಹತ್ತಿರದ ಕೋಡಿ ಬೆಂಗ್ರೆ ಕಡೆ ಅಳಿವೆಗೆ ಹೋಗಿ. ಮರಳು ದಿಣ್ಣೆಯ ಮೇಲೆ ಗಲ್‌ಗಳು ರಾತ್ರಿಗೆ ಬಂದು ಸೇರುತ್ತವೆ. ಎಲ್ಲವೂ ಗಾಳಿಗೆ ಮುಖ ಮಾಡಿ ಕೂರುತ್ತವೆ, ಇಲ್ಲದಿದ್ದರೆ ಗರಿ ಕೆದರುತ್ತದೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದ್ದರೆ ನೀವು ಪಕ್ಕದಿಂದ ನಿಧಾನ ಹೋಗಿ, ದೂರದಲ್ಲೇ ಕೂತುಬಿಡಿ. ಓಡಿಸಿ ಹಾರಿಸಬೇಡಿ. ಕೂತವು ಆಗಾಗ ತಾವಾಗಿಯೇ ರೆಕ್ಕೆ ಬಿಚ್ಚಿ ಮಡಿಚುತ್ತವೆ, ಕನ್ನಡಿ ಆಗ ಕಾಣುತ್ತದೆ.

ಹೋಗುವುದಾದರೆ ಮಾರ್ಚ್ ಮೊದಲ ವಾರ ಹೋಗಿ, ಭಾವನವರನ್ನೂ ಕರೆದುಕೊಂಡು ಹೋಗಿ. ಫೆಬ್ರವರಿಯಿಂದಲೇ ಹೊಸ ಗರಿ ಬರಲು ಶುರುವಾಗಿರುತ್ತದೆ. ಒಂದೇ ದಿಣ್ಣೆಯ ಮೇಲೆ ಎಲ್ಲ ಹಂತವೂ ಸಿಗುತ್ತದೆ: ಬರೀ ಮಚ್ಚೆ ಇರುವ ಬಿಳಿ ತಲೆ, ಕಂದು ಚುಕ್ಕೆ ಚುಕ್ಕೆಯಾಗಿ ಮೂಡಿದ ತಲೆ, ಹಣೆ ಮಾತ್ರ ಇನ್ನೂ ಬಿಳಿ ಉಳಿದ ತಲೆ, ಪೂರ್ತಿ ಕಂದಾದ ತಲೆ. ಆ ಕಂದು ತಲೆಯಲ್ಲಿ ಬಿಳಿ ಕಣ್ಣು ಇನ್ನೂ ಎದ್ದು ಕಾಣುತ್ತದೆ.